ಮಾದರಿ ರೈಲಿನ ಎಂಜಿನ್‌ಗೆ ಹಾಕಿದ ಹೊಸ ಎಲ್‌ಇಡಿ ಕೂಡಲೇ ಸುಟ್ಟುಹೋಗುವುದೇಕೆ?

ಹಳೆಯ ಬಲ್ಬಿನ ಜಾಗಕ್ಕೆ ಎಲ್‌ಇಡಿಯನ್ನು ರೆಸಿಸ್ಟರ್ (ಪ್ರವಾಹವನ್ನು ತಡೆದು ಮಿತಿಯಲ್ಲಿಡುವ ಪುಟ್ಟ ಬಿಡಿಭಾಗ) ಇಲ್ಲದೆ ನೇರವಾಗಿ ಜೋಡಿಸಿದ್ದೇ ಇದಕ್ಕೆ ಬಹುಮಟ್ಟಿಗೆ ಕಾರಣ. ಬಲ್ಬಿನ ತಂತಿ ಕಾದಂತೆಲ್ಲ ಅದರ ರೋಧ ಹೆಚ್ಚಿ ವಿದ್ಯುತ್ ಪ್ರವಾಹ ತಾನಾಗಿಯೇ ಮಿತಿಯಲ್ಲಿರುತ್ತದೆ. ಎಲ್‌ಇಡಿಗೆ ಆ ಗುಣವಿಲ್ಲ. ಸುಮಾರು 3 ವೋಲ್ಟ್ ಸಾಕಾಗುವ ಬಿಳಿ ಎಲ್‌ಇಡಿಗೆ ಹಳಿಯ 12 ವೋಲ್ಟ್ ನೇರವಾಗಿ ತಾಗಿದರೆ ಪ್ರವಾಹ ಒಮ್ಮೆಲೇ ಏರಿ ಅದನ್ನು ಸುಟ್ಟುಬಿಡುತ್ತದೆ. ಸರಣಿಯಲ್ಲಿ 1000 ಓಮ್‌ನ ರೆಸಿಸ್ಟರ್ ಸೇರಿಸಿದರೆ ಉಳಿದ 9 ವೋಲ್ಟನ್ನು ಅದು ಹೊತ್ತುಕೊಂಡು, ಪ್ರವಾಹವನ್ನು ಸುಮಾರು 9 ಮಿಲಿಆಂಪಿಯರ್‌ಗೆ ನಿಲ್ಲಿಸುತ್ತದೆ. ಪುಟ್ಟ ಎಂಜಿನ್ನಿನ ದೀಪಕ್ಕೆ ಅಷ್ಟು ಧಾರಾಳ.

ಎಂಜಿನ್ ಒಂದು ದಿಕ್ಕಿಗೆ ಓಡುವಾಗ ಮಾತ್ರ ದೀಪ ಉರಿಯುವುದು ದೋಷವಲ್ಲ. ಡಿಸಿ (ಒಂದೇ ದಿಕ್ಕಿಗೆ ಹರಿಯುವ ವಿದ್ಯುತ್) ಹಳಿಯಲ್ಲಿ ದಿಕ್ಕು ಬದಲಿಸಿದಾಗ ಧನ ಋಣಗಳು ಅದಲುಬದಲಾಗುತ್ತವೆ, ಎಲ್‌ಇಡಿಯಾದರೋ ಒಂದೇ ಕಡೆಗೆ ಪ್ರವಾಹವನ್ನು ಬಿಡುತ್ತದೆ.

ನೀವು ಕಾಸರಗೋಡಿನ ಕಡಲಂಚಿನವರೆಂದು ಬರೆದಿರುವುದರಿಂದ ಇನ್ನೊಂದು ಮಾತು: ದೀಪ ಬರಿದೇ ಮಿಣುಕುತ್ತಿದ್ದರೆ, ಎಲ್‌ಇಡಿಯನ್ನು ಬಿಚ್ಚುವ ಮೊದಲು ಹಳಿಯನ್ನೂ ಚಕ್ರಗಳನ್ನೂ ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಬಟ್ಟೆಯಿಂದ ಒರೆಸಿ ನೋಡಿ. ಉಪ್ಪುಗಾಳಿಗೂ ಮಳೆಗಾಲದ ತೇವಕ್ಕೂ ಲೋಹದ ಮೇಲೆ ಪದರ ಕಟ್ಟಿ ಸಂಪರ್ಕ ಕಡಿಯುವುದು ನಮ್ಮ ಕರಾವಳಿಯಲ್ಲಿ ಸಾಮಾನ್ಯ.