ತುರ್ತು ಪರಿಸ್ಥಿತಿ ಇದ್ದಾಗ ನಕ್ಸಲೀಯನ ಕಥೆಯ ಮಲಯಾಳಂ ಚಿತ್ರ ಹೊರಬಂದದ್ದು ಹೇಗೆ?

ಕತ್ತರಿ ಹಾಕಿಸಿಕೊಂಡೇ ಹೊರಬಂತು. ಪಿ. ಎ. ಬಕ್ಕರ್ ನಿರ್ದೇಶನದ, ಟಿ. ವಿ. ಚಂದ್ರನ್ ಮುಖ್ಯ ಪಾತ್ರದಲ್ಲಿದ್ದ ‘ಕಬನಿ ನದಿ ಚುವನ್ನಪ್ಪೋಳ್’ ಬಗ್ಗೆ ನೀವು ಕೇಳುತ್ತಿರುವುದು. (ಕಬನಿ ಎಂದರೆ ವಯನಾಡಿನಲ್ಲಿ ಹುಟ್ಟಿ ತಿ. ನರಸೀಪುರದಲ್ಲಿ ಕಾವೇರಿ ಸೇರುವ ನಮ್ಮ ಕಬಿನಿಯೇ.)

ಇದು ಸಾಧ್ಯವಾದದ್ದು ಕಾನೂನಿನ ರಚನೆಯಿಂದ. 1952ರ ಸಿನಿಮಾಟೋಗ್ರಾಫ್ ಕಾಯ್ದೆ ತಡೆಯುವುದು ಪ್ರಮಾಣಪತ್ರವಿಲ್ಲದ ಸಾರ್ವಜನಿಕ ಪ್ರದರ್ಶನವನ್ನು, ಚಿತ್ರೀಕರಣವನ್ನಲ್ಲ. ಹಾಗಾಗಿ ಚಿಕ್ಕ ತಂಡ, ಕಡಿಮೆ ದುಡ್ಡಿನಲ್ಲಿ ಚಿತ್ರ ಮುಗಿಸಿಬಿಡಬಹುದಿತ್ತು. ನಿಜವಾದ ಇಕ್ಕಟ್ಟು ಆಮೇಲೆ. ಪ್ರಮಾಣಪತ್ರ ಕೊಡುವ ಸೆನ್ಸಾರ್ ಮಂಡಳಿ ‘ಸಾರ್ವಜನಿಕ ಸುವ್ಯವಸ್ಥೆ’, ‘ದೇಶದ ಭದ್ರತೆ’ ಎಂಬ ಕಾರಣ ಕೊಟ್ಟು ದೃಶ್ಯ ತೆಗೆಯಲು ಹೇಳಬಹುದು. ಒಪ್ಪದಿದ್ದರೆ ಮೇಲ್ಮನವಿ ಯಾರಿಗೆ? ಆಗ ಪ್ರತ್ಯೇಕ ನ್ಯಾಯಮಂಡಳಿ ಇರಲಿಲ್ಲ, ಕೇಂದ್ರ ಸರ್ಕಾರಕ್ಕೇ. ಕತ್ತರಿ ಹಿಡಿದವರ ಯಜಮಾನರ ಬಳಿಯೇ ದೂರು! ಬಡ ನಿರ್ಮಾಪಕ ಒಪ್ಪಿಕೊಳ್ಳದೆ ಬೇರೆ ದಾರಿ ಕಾಣುತ್ತಿರಲಿಲ್ಲ.

ಕತ್ತರಿಸಿದ ಜಾಗ ಹಳೆಯ ಪ್ರಿಂಟ್‌ಗಳಲ್ಲಿ ಗೊತ್ತಾಗುವುದಕ್ಕೂ ಕಾರಣವಿದೆ. 35 ಎಂಎಂ ಪ್ರಿಂಟ್‌ನಲ್ಲಿ ಚಿತ್ರಕ್ಕೆ ಸೇರಿದ ಧ್ವನಿ ಅದೇ ಚೌಕದ (ಫ್ರೇಮ್‌ನ) ಪಕ್ಕದಲ್ಲಿರುವುದಿಲ್ಲ, ಸುಮಾರು 20 ಫ್ರೇಮ್ ಮುಂದೆ ಅಚ್ಚಾಗಿರುತ್ತದೆ. ಸಿದ್ಧ ಪ್ರಿಂಟನ್ನೇ ಕತ್ತರಿಸಿ ಅಂಟಿಸಿದರೆ ಚಿತ್ರ ಒಂದು ಕಡೆ, ಮಾತು ಇನ್ನೊಂದು ಕಡೆ ತುಂಡಾಗುತ್ತದೆ. ಮುಕ್ಕಾಲು ಸೆಕೆಂಡಿಗೂ ಹೆಚ್ಚಿನ ಈ ಎಡವಟ್ಟು ತಪ್ಪಬೇಕಾದರೆ ಚಿತ್ರ ಮತ್ತು ಧ್ವನಿಯ ನೆಗೆಟಿವ್‌ಗಳನ್ನು ಬೇರೆಬೇರೆಯಾಗಿ ಕತ್ತರಿಸಿ ಹೊಸ ಪ್ರಿಂಟ್ ತೆಗೆಯಬೇಕು. ಅದಕ್ಕೆ ಮತ್ತೆ ಖರ್ಚು.