ಬೆಂಗಳೂರಿನಲ್ಲಿ ಡಾಲ್ಫಿನ್ ಶೋ ಯಾಕಿಲ್ಲ?

ದುಬೈನಲ್ಲಿ ಡಾಲ್ಫಿನ್ ಶೋ ನೋಡಿ ಬಂದವರು ಕೇಳುವ ಪ್ರಶ್ನೆ ಇದು: ಇಷ್ಟು ದೊಡ್ಡ ಬೆಂಗಳೂರಲ್ಲಿ ಅಂಥದ್ದು ಯಾಕಿಲ್ಲ?

ಸರ್ಕಾರ ಬಿಡುವುದಿಲ್ಲ. ದೇಶದಲ್ಲೆಲ್ಲೂ ಡಾಲ್ಫಿನೇರಿಯಂಗೆ (ಡಾಲ್ಫಿನ್ ಸಾಕಿ ಶೋ ನಡೆಸುವ ಜಾಗ) ಅನುಮತಿ ಕೊಡಬಾರದು ಎಂದು ಕೇಂದ್ರ ಮೃಗಾಲಯ ಪ್ರಾಧಿಕಾರ 2013ರ ಮೇ ತಿಂಗಳಲ್ಲಿ ಸುತ್ತೋಲೆ ಹೊರಡಿಸಿತು. 1998ರಲ್ಲಿ ಬಲ್ಗೇರಿಯಾದಿಂದ ಚೆನ್ನೈ ಹತ್ತಿರ ತಂದಿದ್ದ ಡಾಲ್ಫಿನ್‌ಗಳು ಕೆಲವೇ ತಿಂಗಳಲ್ಲಿ ಸತ್ತಿದ್ದವು.

ನನಗಂತೂ ಈ ನಿಷೇಧ ಸರಿ ಅನ್ನಿಸುತ್ತದೆ. ಡಾಲ್ಫಿನ್ ಕಿವಿಯಿಂದಲೇ ಜಾಸ್ತಿ ನೋಡುತ್ತದೆ ಅನ್ನಬಹುದು. ಟಿಕ್ ಟಿಕ್ ಸದ್ದು ಹೊರಡಿಸಿ, ಅದರ ಪ್ರತಿಧ್ವನಿ ಕೇಳಿ ಮೀನೆಲ್ಲಿ, ಬಂಡೆಯೆಲ್ಲಿ ಎಂದು ತಿಳಿಯುತ್ತದೆ. ಕಾಂಕ್ರೀಟ್ ತೊಟ್ಟಿಯಲ್ಲಿ ಆ ಸದ್ದಿಗೆ ಸಿಗುವುದೇನು? ಗೋಡೆ. ದಿನಕ್ಕೆ ಹತ್ತಾರು ಕಿಲೋಮೀಟರ್ ಈಜುವ ಪ್ರಾಣಿ ಅಲ್ಲಿ ಸುತ್ತಿದ್ದನ್ನೇ ಸುತ್ತುತ್ತದೆ. ಡಾಲ್ಫಿನ್ ಕುಟುಂಬದ್ದೇ ಆದ ದೈತ್ಯ ಓರ್ಕಾಗಳನ್ನು ನೋಡಿ: ಸೆರೆಯಲ್ಲಿರುವ ಗಂಡು ಓರ್ಕಾಗಳ ಬೆನ್ನಿನ ರೆಕ್ಕೆ ಒಂದು ಪಕ್ಕಕ್ಕೆ ಜೋತುಬಿದ್ದಿರುತ್ತದೆ. ಸಮುದ್ರದಲ್ಲಿ ಇದು ಅಪರೂಪ. ಇನ್ನು ಡಾಲ್ಫಿನ್ 'ನಗು'? ಅದು ದವಡೆಯ ಆಕಾರ ಅಷ್ಟೇ, ನೋವಿನಲ್ಲೂ ಹಾಗೇ ಕಾಣುತ್ತದೆ.

ಮಕ್ಕಳಿಗೆ ತೋರಿಸಬೇಕಾ? ರಾತ್ರಿ ರೈಲು ಹತ್ತಿ ಕಾರವಾರಕ್ಕೆ ಹೋಗಿ. ಬೆಳಿಗ್ಗೆ ದೋಣಿಯಲ್ಲಿ ಎಂಜಿನ್ ಆಫ್ ಮಾಡಿಸಿ ಸುಮ್ನೆ ಕೂತಿರಿ. ಅದೃಷ್ಟವಿದ್ದರೆ ಮೊದಲು 'ಪುಸ್' ಅಂತ ಉಸಿರು ಕೇಳುತ್ತದೆ, ಆಮೇಲೆ ಬೂದು ಬೆನ್ನು. ದಯವಿಟ್ಟು ಅಟ್ಟಿಸಿಕೊಂಡು ಮಾತ್ರ ಹೋಗಬೇಡಿ.