ಕಾಲೇಜ್ ಗೇಮ್‌ಡೇ ನಮ್ಮ ಕ್ಯಾಂಪಸ್ಸಿಗೆ ಬರ್ತಿದೆ: ಬೆಳಗಿನ ಶೋ ನೋಡಿದರೆ ಸಾಕಾ, ರಾತ್ರಿ ಪಂದ್ಯಕ್ಕೂ ಹೋಗಬೇಕಾ?

ರಾತ್ರಿಯ ಟಿಕೆಟನ್ನು ಯಾರಿಗೂ ಕೊಡಬೇಡಿ. ಮಿಕ್ಕಿದ್ದೆಲ್ಲ ಆಮೇಲೆ.

ಬ್ಯಾಸ್ಕೆಟ್‌ಬಾಲ್ ಗೊತ್ತಿಲ್ಲ, ಸೋಮವಾರ ಮಿಡ್‌ಟರ್ಮ್ ಇದೆ, ಪಂದ್ಯಕ್ಕೆ ಮುನ್ನ ಕ್ಯಾಂಪಸ್ಸಿನಿಂದಲೇ ನೇರಪ್ರಸಾರವಾಗುವ ಗೇಮ್‌ಡೇ ಎಂಬ ಬೆಳಗಿನ ಟಿವಿ ಶೋಗೆ ಹೋಗಿ ಟಿವಿಯಲ್ಲಿ ಒಂದು ಸಲ ಕಾಣಿಸಿಕೊಂಡು ಬರುತ್ತೇನೆ, ರಾತ್ರಿಯ ಟಿಕೆಟ್ ರೂಮ್‌ಮೇಟ್‌ಗೆ ಕೊಡುತ್ತೇನೆ ಅಂತ ಬರೆದಿದ್ದೀರಿ. ಓದುತ್ತಿದ್ದಂತೆ ಎದೆ ಧಸಕ್ಕೆಂದಿತು. 2012ರ ಫೆಬ್ರವರಿ ಮೊದಲ ವಾರ ನಾನು ಮಾಡಿದ್ದೂ ಇದನ್ನೇ.

ಆಗ ನಾನು ಅಮೆರಿಕದ ಕೊಲಂಬಿಯಾ ಊರಿನಲ್ಲಿ, ಮಿಸೌರಿ ವಿಶ್ವವಿದ್ಯಾಲಯದಲ್ಲಿ ಎಂ.ಎಸ್. ಓದುತ್ತಿದ್ದೆ. ಊರು ಕುಂದಾಪುರದ ಹತ್ತಿರ. ಕಬಡ್ಡಿ, ವಾಲಿಬಾಲ್, ಕೊಯ್ಲಾದ ಗದ್ದೆಯಲ್ಲಿ ಕ್ರಿಕೆಟ್, ಇಷ್ಟು ಬಿಟ್ಟರೆ ಬೇರೆ ಆಟ ಕಂಡವನಲ್ಲ. ಸೀಸನ್ ಶುರುವಿನಲ್ಲಿ ಲ್ಯಾಬಿನವರೆಲ್ಲ ವಿದ್ಯಾರ್ಥಿ ಟಿಕೆಟ್ ಕೊಂಡರು ಅಂತ ನಾನೂ ಕೊಂಡಿದ್ದೆ. ಎರಡು ಮೂರು ಪಂದ್ಯ ನೋಡುವಷ್ಟರಲ್ಲಿ ಹುಚ್ಚು ಹಿಡಿಯಿತು. ಆ ವರ್ಷದ ಮಿಸೌರಿ ತಂಡದಲ್ಲಿ ಎತ್ತರದ ಆಳುಗಳು ಕಡಿಮೆ, ನಾಲ್ಕು ಜನ ಗಾರ್ಡ್‌ಗಳು ಚೆಂಡನ್ನು ನೆಲಕ್ಕೆ ನಿಲ್ಲಗೊಡದೆ ಓಡಿಸುತ್ತಿದ್ದರು. ದೇಶದಲ್ಲೇ ನಾಲ್ಕನೇ ರ‍್ಯಾಂಕ್. ಫೆಬ್ರವರಿ 4ರ ಶನಿವಾರ ರಾತ್ರಿ ಎಂಟಕ್ಕೆ ಕಾನ್ಸಾಸ್ ಜೊತೆ ಪಂದ್ಯ, ಅದಕ್ಕಾಗಿ ಕ್ರೀಡಾ ಚಾನೆಲ್ ಇಎಸ್‌ಪಿಎನ್‌ನ ಗೇಮ್‌ಡೇ ನಮ್ಮ ಮಿಜ್ಜೂ ಅರೀನಾಕ್ಕೆ ಬರುತ್ತದೆ ಅಂತ ಸುದ್ದಿಯಾಯಿತು.

ಮಿಸೌರಿ-ಕಾನ್ಸಾಸ್ ಅಂದರೆ ಏನು ಅಂತ ಆಗ ನನಗೆ ಪೂರ್ತಿ ತಿಳಿದಿರಲಿಲ್ಲ. ಅಕ್ಕಪಕ್ಕದ ಎರಡು ರಾಜ್ಯಗಳ ಈ ಜಗಳದ ಬೇರು ಗುಲಾಮಗಿರಿ ಬೇಕೋ ಬೇಡವೋ ಎಂಬ ಕಾಲದ್ದು. 1863ರಲ್ಲಿ ಮಿಸೌರಿ ಕಡೆಯಿಂದ ಹೋದ ಕ್ವಾಂಟ್ರಿಲ್‌ನ ದಂಡು ಕಾನ್ಸಾಸಿನ ಲಾರೆನ್ಸ್ ಊರಿಗೆ ನುಗ್ಗಿ ಗಂಡಸರನ್ನು ಕೊಂದು ಬೆಂಕಿ ಇಟ್ಟಿತ್ತು. ಅದೇ ಲಾರೆನ್ಸ್‌ನಲ್ಲಿ ಇವತ್ತು ಕಾನ್ಸಾಸ್ ವಿಶ್ವವಿದ್ಯಾಲಯ ಇದೆ. ಅಲ್ಲಿನ ಮೊದಲ ಬ್ಯಾಸ್ಕೆಟ್‌ಬಾಲ್ ಕೋಚ್ ಜೇಮ್ಸ್ ನೈಸ್ಮಿತ್, 1891ರಲ್ಲಿ ಈ ಆಟವನ್ನೇ ಕಂಡುಹಿಡಿದ ಮನುಷ್ಯ. ಎರಡು ತಂಡಗಳೂ 1907ರಿಂದ ಆಡುತ್ತಾ ಬಂದಿದ್ದವು. 2012ರ ಜುಲೈಯಿಂದ ಮಿಸೌರಿ ಬೇರೆ ಕಾನ್ಫರೆನ್ಸಿಗೆ, ಅಂದರೆ ಕಾಲೇಜು ತಂಡಗಳ ಬೇರೆ ಗುಂಪಿಗೆ, ಹೋಗುವುದಿತ್ತು. ಹಾಗಾಗಿ ಕಾನ್ಸಾಸ್ ನಮ್ಮ ಅಂಗಳಕ್ಕೆ ಬರುವುದು ಇದೇ ಕೊನೆ ಅಂತ ಊರೆಲ್ಲ ಮಾತಾಡಿಕೊಳ್ಳುತ್ತಿತ್ತು.

ನನ್ನ ಲ್ಯಾಬಿನಲ್ಲಿ ಒಬ್ಬ ಹುಡುಗನಿದ್ದ. ಮಿಸೌರಿಯದ್ದೇ ಒಂದು ಸಣ್ಣ ಊರಿನವನು. ಅವನಿಗೆ ಟಿಕೆಟ್ ಸಿಕ್ಕಿರಲಿಲ್ಲ. ನನ್ನ ಟಿಕೆಟ್ ಅವನಿಗೆ ಕೊಟ್ಟೆ. ದುಡ್ಡಿಗಲ್ಲ. ಆ ವಾರ ಅರವತ್ತು ಲ್ಯಾಬ್ ರಿಪೋರ್ಟ್ ತಿದ್ದುವ ಕೆಲಸ ನನ್ನ ತಲೆಮೇಲಿತ್ತು, ಅರ್ಧ ಅವನು ತಿದ್ದಿಕೊಟ್ಟ.

ಯಾಕೆ ಕೊಟ್ಟೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪಂದ್ಯ ಬೇಡವೆಂದು ಕೊಟ್ಟದ್ದಲ್ಲ. ಟಿಕೆಟ್ ಇಲ್ಲದೆಯೂ ಪಂದ್ಯ ಸಿಗುತ್ತದೆ ಅಂತ ನಂಬಿ ಕೊಟ್ಟದ್ದು.

ನಮ್ಮ ಕಡೆ ಬಯಲಿಗೆ ಯಕ್ಷಗಾನ ಮೇಳ ಬಂದರೆ ಹೇಗೆ ಗೊತ್ತಲ್ಲ. ಮೊದಲು ಆಟ ಇದೆ ಅಂತ ಸಾರುವ ಚಂಡೆ ಮದ್ದಳೆಯ ಬಡಿತ, ಅದಕ್ಕೆ ಕೇಳಿ ಅನ್ನುತ್ತಾರೆ. ಆಮೇಲೆ ಕೋಡಂಗಿ ವೇಷ, ಬಾಲಗೋಪಾಲ, ಸ್ತ್ರೀವೇಷ. ಅದು ಪೂರ್ವರಂಗ. ಅದು ಮುಗಿದದ್ದೇ ಒಡ್ಡೋಲಗ, ಪ್ರಸಂಗ ಶುರು. ನಡುವೆ ಯಾರೂ ಯಾರನ್ನೂ ಎಬ್ಬಿಸುವುದಿಲ್ಲ. ಕೇಳಿ ಬಡಿಯುವ ಹೊತ್ತಿಗೆ ಹೋಗಿ ಮುಂದೆ ಚಾಪೆ ಹಾಸಿದರೆ ಬೆಳಗಿನ ಜಾವದವರೆಗೂ ಆ ಜಾಗ ನಿಮ್ಮದು. ಚಿಕ್ಕಂದಿನಿಂದ ನನಗೆ ಗೊತ್ತಿದ್ದ ಆಟದ ಲೆಕ್ಕ ಇಷ್ಟೇ. ಗೇಮ್‌ಡೇ ಅಂದರೆ ಪಂದ್ಯದ ಪೂರ್ವರಂಗ ಅಂತ ಯಾರೋ ಹೇಳಿದಾಗ ತಲೆಯಲ್ಲಿ ಇಡೀ ಚಿತ್ರ ಕೂತುಬಿಟ್ಟಿತು. ಬೆಳಗಿನ ಶೋಗೆ ಟಿಕೆಟ್ ಇಲ್ಲ, ಬಂದವರಿಗೆಲ್ಲ ಬಾಗಿಲು ತೆರೆದಿರುತ್ತದೆ. ಬೇಗ ಹೋಗಿ ಮುಂದಿನ ಜಾಗ ಹಿಡಿದರೆ ರಾತ್ರಿಯವರೆಗೆ ಅಲ್ಲೇ ಕೂರಬಹುದು, ಒಂದು ದಿನ ಉಪವಾಸ ಇದ್ದರಾಯಿತು ಅಂದುಕೊಂಡೆ. ಚೀಲದಲ್ಲಿ ಅವಲಕ್ಕಿ, ನಾಲ್ಕು ಬಾಳೆಹಣ್ಣು ಇಟ್ಟುಕೊಂಡು ಹೊರಟೆ.

ಪೋಸ್ಟರಿನಲ್ಲಿ ಎರಡು ಹೊತ್ತೂ ಅಚ್ಚಾಗಿದ್ದವು. ಶೋ ಬೆಳಗ್ಗೆ, ಪಂದ್ಯ ರಾತ್ರಿ. ಎರಡನ್ನೂ ಓದಿದ್ದೆ. ನಡುವಿನ ಅಷ್ಟೂ ತಾಸು ಆ ಕಟ್ಟಡದಲ್ಲಿ ಏನು ನಡೆಯುತ್ತದೆ ಎಂದು ಒಬ್ಬರನ್ನಾದರೂ ಕೇಳಲಿಲ್ಲ. ಟಿಕೆಟ್ ಇಸಿದುಕೊಂಡ ಗೆಳೆಯನೂ ಕೇಳಲಿಲ್ಲ. ನನಗೆ ಆಟದಲ್ಲಿ ಆಸಕ್ತಿ ಇಲ್ಲ ಎಂದೇ ಅವನು ತಿಳಿದಿದ್ದ. ನನ್ನ ಯೋಜನೆಯನ್ನು ಬಾಯಿಬಿಟ್ಟು ಒಂದೇ ಒಂದು ಸಲ ಹೇಳಿದ್ದರೆ ಅಲ್ಲೇ ತಿದ್ದುತ್ತಿದ್ದ. ಹೇಳಲಿಲ್ಲ. ಇವರಿಗೆ ಗೊತ್ತಿಲ್ಲದ ಉಪಾಯ ನನಗೆ ಹೊಳೆದಿದೆ ಅಂತ ಒಳಗೊಳಗೇ ಖುಷಿ ಪಟ್ಟುಕೊಂಡಿದ್ದೆ.

ಬೆಳಗಿನ ಶೋ ಚೆನ್ನಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ನೀವು ಹೋಗಿ. ಫುಟ್‌ಬಾಲ್‌ನ ಗೇಮ್‌ಡೇ 1993ರಿಂದಲೇ ಊರೂರು ತಿರುಗುತ್ತಿದೆ, ಅದು ಬಯಲಿನಲ್ಲಿ ನಡೆಯುವಂಥದ್ದು. ಬ್ಯಾಸ್ಕೆಟ್‌ಬಾಲ್‌ನದ್ದು 2005ರಲ್ಲಿ ಶುರುವಾಯಿತು, ಇದು ಅರೀನಾದ ಒಳಗೇ. ಹೊರಗೆ ಕೊರೆಯುವ ಚಳಿ, ಒಳಗೆ ಕಪ್ಪು-ಬಂಗಾರದ ಬಣ್ಣದ ಅಂಗಿ ತೊಟ್ಟ ಸಾವಿರಾರು ಹುಡುಗ ಹುಡುಗಿಯರು, ಬ್ಯಾಂಡು, ಒಂದು ಕಡೆಯಿಂದ "ಎಂ-ಐ-ಝಡ್" ಅಂದರೆ ಎದುರು ಕಡೆಯಿಂದ "ಝಡ್-ಓ-ಯು", ಎರಡೂ ಸೇರಿದರೆ ಮಿಜ್ಜೂ, ಮಿಸೌರಿಯ ಅಡ್ಡಹೆಸರು. ಮೇಜಿನ ಹಿಂದೆ ಶೋ ನಡೆಸುವ ರೀಸ್ ಡೇವಿಸ್, ಡಿಗ್ಗರ್ ಫೆಲ್ಪ್ಸ್, ಜೇ ಬೈಲಸ್, ಹ್ಯೂಬರ್ಟ್ ಡೇವಿಸ್. ಫೆಲ್ಪ್ಸ್ ತಮ್ಮ ಟೈ ಬಣ್ಣಕ್ಕೆ ಸರಿಹೊಂದುವ ಹೈಲೈಟರ್ ಪೆನ್ನು ಹಿಡಿದು ಕೂರುತ್ತಿದ್ದರು. ಯುಸಿಎಲ್‌ಎ ತಂಡ ಸತತ 88 ಪಂದ್ಯ ಗೆದ್ದು ಬೀಗುತ್ತಿದ್ದಾಗ 1974ರಲ್ಲಿ ಒಂದೇ ಪಾಯಿಂಟಿನಿಂದ ಅದನ್ನು ಮುರಿದ ನೋಟ್ರ್ ಡೇಮ್ ತಂಡದ ಕೋಚ್ ಇವರೇ ಅಂತ ಪಕ್ಕದವನು ಹೇಳಿದ. ಹ್ಯೂಬರ್ಟ್ ಡೇವಿಸ್ ಆಮೇಲೆ 2021ರಲ್ಲಿ ನಾರ್ತ್ ಕೆರೊಲೈನಾದ ಮುಖ್ಯ ಕೋಚ್ ಆದರು. ಜಾಹೀರಾತು ಬಂದಾಗ ಮೇಜಿನವರು ನೀರು ಕುಡಿಯುತ್ತಾರೆ, ನಮ್ಮ ಗಂಟಲಿಗೆ ಬಿಡುವಿಲ್ಲ. ಮತ್ತೆ ಕ್ಯಾಮೆರಾ ಹತ್ತುವ ಮುಂಚೆ ಕೈ ಎತ್ತಿ ಎತ್ತಿ ಕೂಗಿಸುತ್ತಾರೆ. ಅರ್ಧ ಅಂಕಣದಿಂದ ಒಬ್ಬ ವಿದ್ಯಾರ್ಥಿ ಚೆಂಡೆಸೆಯುವ ಸ್ಪರ್ಧೆಯೂ ಇರುತ್ತದೆ. ಆ ವರ್ಷಗಳಲ್ಲಿ ಬುಟ್ಟಿಗೆ ಬಿದ್ದರೆ 18 ಸಾವಿರ ಡಾಲರ್.

ಟಿವಿಯಲ್ಲಿ ಕಾಣಿಸಿಕೊಳ್ಳುವ ಆಸೆ ನಿಮಗಿದೆಯಲ್ಲ, ನಾನು ಕಾಣಿಸಿಕೊಂಡೆ. ಎರಡು ಸೆಕೆಂಡು. ಮಿಸೌರಿಯ ತಂಡದ ಹೆಸರು ಟೈಗರ್ಸ್. ರಟ್ಟಿನ ಮೇಲೆ ಕನ್ನಡದಲ್ಲಿ "ಹುಲಿ ಬಂತು ಹುಲಿ" ಅಂತ ಬರೆದು ಎತ್ತಿ ಹಿಡಿದಿದ್ದೆ. ನೋಡಲೇಬೇಕಾಗಿದ್ದವಳು ನಮ್ಮಮ್ಮ. ಅವರ ಮನೆಯ ಟಿವಿಯಲ್ಲಿ ಆ ಶೋ ಬರುವುದಿಲ್ಲ, ಊರಲ್ಲಿ ಆಗ ರಾತ್ರಿ. ಆ ಎರಡು ಸೆಕೆಂಡನ್ನು ಇವತ್ತು ನಾನು ನೆನೆಯುವುದೇ ಅಪರೂಪ. ಟಿವಿಯಲ್ಲಿ ಕಾಣುವುದಕ್ಕೆ ಹೋಗಬೇಕು ಎಂಬ ನಿಮ್ಮ ಲೆಕ್ಕವೇ ನನಗೆ ಒಪ್ಪಿಗೆಯಿಲ್ಲ. ಆ ಶೋ ಇರುವುದೇ ರಾತ್ರಿಯ ಪಂದ್ಯಕ್ಕಾಗಿ. ಪಂದ್ಯ ಬಿಟ್ಟು ಅದನ್ನು ಮಾತ್ರ ನೋಡುವುದೆಂದರೆ ಬಾಲಗೋಪಾಲ ವೇಷ ನೋಡಿ ಮನೆಗೆ ಹೋಗಿ ಮಲಗಿದ ಹಾಗೆ.

ಶೋ ಮುಗಿಯಿತು. ನಾನು ಕೂತೇ ಇದ್ದೆ. ಸಾಲುಸಾಲಾಗಿ ಎಲ್ಲರೂ ಏಳತೊಡಗಿದರು. ಕೆಂಪು ಕೋಟಿನ ವಯಸ್ಸಾದ ಹೆಂಗಸೊಬ್ಬರು ಬಂದು, ಏಳಬೇಕಪ್ಪಾ, ಕಟ್ಟಡ ಖಾಲಿ ಮಾಡಿಸಬೇಕು ಅಂತ ತುಂಬ ಮೆತ್ತಗೆ ಹೇಳಿದರು. ಒಳಗೇ ಇದ್ದರೆ ಆಗದೇ ಅಂತ ಕೇಳಿದೆ. ಇನ್ನು ತಂಡಗಳು ಬಂದು ಅಭ್ಯಾಸ ಮಾಡುತ್ತವೆ, ಸ್ವಚ್ಛ ಮಾಡಬೇಕು, ರಾತ್ರಿಗೆ ಟಿಕೆಟ್ ನೋಡಿ ಹೊಸದಾಗಿ ಬಿಡುತ್ತೇವೆ ಅಂದರು. ಆ ಕ್ಷಣ ಕಾಲಿನ ಕೆಳಗಿನ ನೆಲ ಕುಸಿದಂತಾಯಿತು. ಅವರದ್ದು ಏನೂ ತಪ್ಪಿಲ್ಲ.

ಹೊರಗೆ ಬಂದು ಗೆಳೆಯನಿಗೆ ಫೋನ್ ಮಾಡಿದೆ. ಟಿಕೆಟ್ ವಾಪಸ್ ಕೇಳುವುದಕ್ಕೇ ಮಾಡಿದ್ದು. ನಾನು ಬಾಯಿ ತೆರೆಯುವ ಮುಂಚೆಯೇ ಅವನು, ಅಪ್ಪನಿಗೆ ಹೇಳಿದೆ, ಅಪ್ಪ ನಿನಗೆ ಥ್ಯಾಂಕ್ಸ್ ಹೇಳು ಅಂದರು, ಅವರೂ ಓದುವ ಕಾಲದಲ್ಲಿ ಕಾನ್ಸಾಸ್ ಪಂದ್ಯ ನೋಡಿದ್ದರಂತೆ ಅಂತ ಒಂದೇ ಉಸಿರಿನಲ್ಲಿ ಹೇಳಿದ. ಕೊಟ್ಟದ್ದನ್ನು ಹೇಗೆ ಕೇಳುವುದು? ಚೆನ್ನಾಗಿ ನೋಡು ಮಾರಾಯ ಅಂದು ಇಟ್ಟೆ. ಹೊರಗೆ ಟಿಕೆಟ್ ಮಾರುವವರಿದ್ದರು. ಅವರು ಹೇಳಿದ ಬೆಲೆ ನನ್ನ ತಿಂಗಳ ಬಾಡಿಗೆಗಿಂತ ಹೆಚ್ಚಿತ್ತು.

ರಾತ್ರಿ ಪಂದ್ಯ ನೋಡಿದ್ದು ಅಪಾರ್ಟ್‌ಮೆಂಟಿನಲ್ಲಿ, ಲ್ಯಾಪ್‌ಟಾಪಿನಲ್ಲಿ. ಆನ್‌ಲೈನ್ ಪ್ರಸಾರ ಟಿವಿಗಿಂತ ಅರ್ಧ ನಿಮಿಷದಷ್ಟು ಹಿಂದೆ ಓಡುತ್ತಿತ್ತು. ಮೇಲಿನ ಮನೆಯಲ್ಲಿ ಟಿವಿ. ಹಾಗಾಗಿ ಪ್ರತಿ ಬುಟ್ಟಿಯೂ ನನಗೆ ಮೊದಲು ಛಾವಣಿಯಿಂದ ಕೇಳಿಸುತ್ತಿತ್ತು, ಆಮೇಲೆ ಪರದೆಯಲ್ಲಿ ಕಾಣುತ್ತಿತ್ತು. ಎರಡು ನಿಮಿಷ ಚಿಲ್ಲರೆ ಉಳಿದಿದ್ದಾಗ ಕಾನ್ಸಾಸ್ 71, ನಾವು 63. ಮೇಲೆ ಸದ್ದಿಲ್ಲ. ಮುಗೀತು ಅಂತ ರೂಮ್‌ಮೇಟ್ ಎದ್ದು ಅಡುಗೆಮನೆಗೆ ಹೋದ. ಆಗ ಮೇಲೆ ಯಾರೋ ನೆಲಕ್ಕೆ ಕಾಲು ಅಪ್ಪಳಿಸಿದರು. ಮತ್ತೊಮ್ಮೆ. ಇನ್ನೊಮ್ಮೆ, ಈಗ ಇಡೀ ಬೀದಿಯೇ ಕೂಗಿತು. ನನ್ನ ಪರದೆಯಲ್ಲಿ ಇನ್ನೂ ಎಂಟು ಪಾಯಿಂಟ್ ಹಿಂದೆಯೇ ಇದ್ದೆವು. ಮಾರ್ಕಸ್ ಡೆನ್ಮನ್ ಒಬ್ಬನೇ ಸತತ ಒಂಬತ್ತು ಪಾಯಿಂಟ್ ಹೊಡೆದ, ಅದರಲ್ಲಿ ಮೂರು ಪಾಯಿಂಟಿನ ಎಸೆತ ಎರಡು. ಆ ರಾತ್ರಿ ಅವನದ್ದು ಒಟ್ಟು 29. ಕೊನೆಯ 11 ಪಾಯಿಂಟುಗಳೂ ಮಿಸೌರಿಯದ್ದೇ. 74-71. ಜಯವನ್ನು ಬೇರೆಯವರ ಕಾಲಿನ ಸದ್ದಿನಿಂದ ಮೊದಲೇ ತಿಳಿದುಕೊಂಡು, ಆಮೇಲೆ ಒಬ್ಬನೇ ಕೂತು ಅದನ್ನು ನೋಡಿದೆ. ನಾನು ನಿಂತಿರಬೇಕಾಗಿದ್ದ ಸಾಲನ್ನು ಕ್ಯಾಮೆರಾ ಒಮ್ಮೆ ತೋರಿಸಿತು.

ಮುಂದೆ ಬೇಕಾದಷ್ಟು ಅವಕಾಶ ಬರುತ್ತವೆ ಅಂತ ನೀವು ಅಂದುಕೊಳ್ಳಬಹುದು. ಅದೇ ತಿಂಗಳು 25ಕ್ಕೆ ಲಾರೆನ್ಸ್‌ನಲ್ಲಿ ಕಾನ್ಸಾಸ್ 19 ಪಾಯಿಂಟ್ ಹಿಂದಿದ್ದದ್ದು ಓವರ್‌ಟೈಮಿನಲ್ಲಿ 87-86ಕ್ಕೆ ಗೆದ್ದಿತು. ಮಾರ್ಚ್‌ನಲ್ಲಿ ನಮ್ಮ ತಂಡ ಇಡೀ ದೇಶದ ಕಾಲೇಜು ತಂಡಗಳ ಎನ್‌ಸಿಎಎ ಟೂರ್ನಿಯ ಮೊದಲ ಪಂದ್ಯದಲ್ಲೇ ನಾರ್ಫೋಕ್ ಸ್ಟೇಟ್‌ಗೆ ಸೋತು ಮನೆಗೆ ಬಂತು. ಎರಡು ವಿಶ್ವವಿದ್ಯಾಲಯಗಳ ನಡುವಿನ ಸೀಸನ್ ಪಂದ್ಯ ನಿಂತೇಹೋಯಿತು, ಮತ್ತೆ ಆಡಿದ್ದು 2021ರ ಡಿಸೆಂಬರಿನಲ್ಲಿ. ಕಾನ್ಸಾಸ್ ಮತ್ತೆ ಕೊಲಂಬಿಯಾಕ್ಕೆ ಬಂದದ್ದು 2022ರಲ್ಲಿ. ಮಿಸೌರಿ ಅವರನ್ನು ಮತ್ತೆ ಸೋಲಿಸಿದ್ದು 2024ರ ಡಿಸೆಂಬರ್ 8ಕ್ಕೆ, ಅದೇ ಅರೀನಾದಲ್ಲಿ, 76-67. ಅಷ್ಟು ಹೊತ್ತಿಗೆ ನನ್ನ ಮಗಳು ಶಾಲೆಗೆ ಹೋಗುತ್ತಿದ್ದಳು, ನಾನು ಬೆಂಗಳೂರಿನಲ್ಲಿದ್ದೆ. ಸ್ಕೋರ್ ಫೋನಿನಲ್ಲಿ ಓದಿದೆ.

ಆಟ ಗೊತ್ತಿಲ್ಲ ಎಂಬ ನಿಮ್ಮ ಮಾತು ಕಾರಣವೇ ಅಲ್ಲ. ಬ್ಯಾಸ್ಕೆಟ್‌ಬಾಲ್ ಹತ್ತು ನಿಮಿಷ ನೋಡಿದರೆ ಅರ್ಥವಾಗುವ ಆಟ. ಇಪ್ಪತ್ತು ನಿಮಿಷದ ಎರಡು ಭಾಗ, ಬುಟ್ಟಿಗೆ ಎರಡು ಪಾಯಿಂಟ್, ಗೆರೆಯಾಚೆಯಿಂದ ಮೂರು. ಫೌಲ್‌ನ ಸೂಕ್ಷ್ಮವನ್ನು ಪಕ್ಕದವರು ಹೇಳಿಕೊಡುತ್ತಾರೆ, ಕೇಳಿದರೆ ಅವರಿಗೆ ಖುಷಿಯೇ. ಮಿಡ್‌ಟರ್ಮ್ ಸೋಮವಾರ ತಾನೆ? ಭಾನುವಾರ ಇಡೀ ದಿನ ಇದೆ. ಶುಕ್ರವಾರ ಸಂಜೆ ಸಿನಿಮಾ ನೋಡುವ ಬದಲು ಓದಿ. ಎರಡಕ್ಕೂ ಹೋಗುವಷ್ಟು ಮೈಯಲ್ಲಿ ಶಕ್ತಿ ಇಲ್ಲವೆಂದರೆ ಬೆಳಗಿನ ಶೋವನ್ನೇ ಬಿಡಿ. ಪಂದ್ಯಕ್ಕೆ ಒಂದು ತಾಸು ಮುಂಚೆ ಅದೇ ಮೇಜು, ಅದೇ ಮಂದಿ ಮತ್ತೆ ನೇರಪ್ರಸಾರಕ್ಕೆ ಬರುವುದನ್ನು ನಾನು ಕಂಡಿದ್ದೇನೆ. ರಾತ್ರಿ ಬೇಗ ಒಳಗೆ ಹೋದರೆ ಆ ಸಂಭ್ರಮವೂ ಸಿಗುತ್ತದೆ. ಬೆಳಗ್ಗೆ ಹೋಗುವುದಾದರೆ ಶೋ ಮುಗಿದ ಮೇಲೆ ರೂಮಿಗೆ ಬಂದು ಅನ್ನ ಉಂಡು ಎರಡು ತಾಸು ಮಲಗಿ, ಮತ್ತೆ ಸರತಿಯಲ್ಲಿ ನಿಲ್ಲಿ. ಬಾಗಿಲು ಎಷ್ಟಕ್ಕೆ ತೆಗೆಯುತ್ತಾರೆ, ಒಂದು ಸಲ ಹೊರಗೆ ಬಂದರೆ ಮತ್ತೆ ಬಿಡುತ್ತಾರಾ ಎಂದು ನಿಮ್ಮ ಅರೀನಾದವರಿಗೇ ಫೋನ್ ಮಾಡಿ ಕೇಳಿ. ಊಹಿಸಬೇಡಿ, ದಯವಿಟ್ಟು. ರೂಮ್‌ಮೇಟ್‌ಗೆ ಮಾತು ಕೊಟ್ಟಾಗಿದ್ದರೆ ಇವತ್ತೇ ಹೇಳಿಬಿಡಿ, ನಾಳೆಗೆ ಅವರು ಅವರಪ್ಪನಿಗೆ ಫೋನ್ ಮಾಡಿರುತ್ತಾರೆ.

ಬೋರ್ಡಿನ ಮೇಲೆ ಏನು ಬರೆಯಲಿ ಅಂತಲೂ ಕೇಳಿದ್ದೀರಿ. ಕನ್ನಡದಲ್ಲೇ ಬರೆಯಿರಿ. ಕೋಲು ಕಟ್ಟಬೇಡಿ, ಬಾಗಿಲಲ್ಲೇ ಕಿತ್ತಿಡಿಸಬಹುದು. ಒತ್ತಕ್ಷರ ಇಲ್ಲದ ಪದ ಆರಿಸಿಕೊಳ್ಳಿ, ಒತ್ತು ಬಂದರೆ ಅಕ್ಷರ ಚಿಕ್ಕದು ಮಾಡಬೇಕಾಗುತ್ತದೆ, ದೂರಕ್ಕೆ ಬರೀ ಮಸಿ ಚೆಲ್ಲಿದಂತೆ ಕಾಣುತ್ತದೆ. ಎರಡೇ ಪದ, ದಪ್ಪ ಮಾರ್ಕರ್, ಅಕ್ಷರ ಒಂದೊಂದೂ ಅಂಗೈ ಅಗಲ. ಮತ್ತೆ ಆ ಬೋರ್ಡನ್ನು ಬೆಳಗ್ಗೆ ಅಲ್ಲೇ ಬಿಸಾಡಿ ಬರಬೇಡಿ. ರಾತ್ರಿಗೂ ಬೇಕು.